ಹಿಡಿ ಉಪ್ಪು

ನಡುರಾತ್ರಿ ಒಂದೂವರೆಗೆ ನನ್ನ ಒಲೆ ಹೊತ್ತುತ್ತದೆ.
ಅಟಕಾಮದ ಈ ಬೋಳುಗುಡ್ಡಕ್ಕೆ
ನೀರು ಲಾರಿಯಲ್ಲಿ ಬರುತ್ತದೆ, ಈರುಳ್ಳಿಯೂ,
ಆಕಾಶ ಓದಿದ ಹುಡುಗರೂ.

ಯುಲೋಹಿಯಾ ಕೋಲ್ಕೆ ನಾನು, ಊರು ತೊಕೊನಾವೊ.
ದುರ್ಬೀನಿನ ರಾತ್ರಿಪಾಳಿಗೆ ಸಾರು ಬಡಿಸುತ್ತೇನೆ.
ಇಲ್ಲಿ ಕಿಟಕಿಗೆಲ್ಲ ಕಪ್ಪು ಪರದೆ.
ಬೆಳಕು ಹಿಡಿಯಲು ಬಂದವರಷ್ಟು
ಬೆಳಕಿಗೆ ಹೆದರುವವರನ್ನು ನಾನು ಕಂಡಿಲ್ಲ.

ನಿನ್ನೆ ತಾರ್ಮೊ (ಎಸ್ಟೋನಿಯಾದವನು, ಬಿಳಿ ಹುಬ್ಬು,
ತಟ್ಟೆಯಿಟ್ಟರೆ ತಣಿಯುವವರೆಗೂ ಮರೆತು ಕೂರುವವನು)
ಕಾಗದದ ತುಂಬ ಚುಕ್ಕಿ ತೋರಿಸಿದ.
ಚುಕ್ಕಿಗೊಂದು ಗೆಲಾಕ್ಸಿ.
ಅಡ್ಡಕ್ಕೆ, ನಡುವಿನ ಉಬ್ಬಿನಲ್ಲಿ ನಕ್ಷತ್ರಗಳ ಓಟ;
ಉದ್ದಕ್ಕೆ, ನಟ್ಟನಡುವೆ ಕೂತ ಕಪ್ಪುಕುಳಿಯ ತೂಕ.
ಎಲ್ಲವೂ ಇರುವೆಸಾಲಿನ ಹಾಗೆ
ಓರೆಯಾಗಿ ಒಂದೇ ದಾರಿ ಹತ್ತಿದ್ದವು.

"ಉಬ್ಬಿನದು ಸಾವಿರವಾದರೆ ಕುಳಿಯದು ಒಂದೋ ಎರಡೋ."
ಹಾಗಾದರೆ ಉಪ್ಪು, ಅಂದೆ.
"ಆದರೆ ದೋನ್ಯಾ, ಕುಳಿಯ ಸೆಳೆತ ಅಷ್ಟು ದೂರ ಮುಟ್ಟದು.
ಆಚೆಯ ನಕ್ಷತ್ರಕ್ಕೆ ಅದು ಇದೆಯೆಂದೇ ಗೊತ್ತಿಲ್ಲ.
ಆದರೂ ಇದರ ಓಟದಲ್ಲಿ ಅದರ ತೂಕ ಬರೆದಿದೆ."

ಯಾರೂ ಕೈಯಿಡದ ಹಂಡೆಯಲ್ಲಿ
ಉಪ್ಪಿಗೆ ಹೇಗೆ ತಿಳಿಯಿತು ಹಂಡೆಯ ಅಳತೆ?

ನನಗೆ ಅರ್ಥವಾದಷ್ಟು ಹೀಗೆ:
ಎರಡು ಗೆಲಾಕ್ಸಿ ಹಾಯ್ದು ಬೆರೆತಾಗ
ಅನಿಲ ಕದಡಿ ನಡುವಿಗೆ ಇಳಿಯುತ್ತದೆ.
ಕುಳಿ ಉಣ್ಣುತ್ತದೆ, ಎರಡೂ ಕೈಲಿ ಬಾಚಿ, ಚೆಲ್ಲಿ.
ಬಾಯಿಗೆ ಹೋಗದೆ ಸುತ್ತ ಸುಳಿದದ್ದು ಉರಿಯುತ್ತದೆ,
ಇಡೀ ಮನೆಯ ದೀಪ ಸೇರಿಸಿದರೂ ಸಾಟಿಯಿಲ್ಲ ಆ ಎಂಜಲಿಗೆ.
ಆಮೇಲೆ ಒಂದು ತೇಗು.
ನಕ್ಷತ್ರವಾಗಬೇಕಿದ್ದ ತಣ್ಣನೆ ಮೋಡ
ಗಾಳಿಗೆ ಹಿಡಿದ ಹೊಟ್ಟಿನಂತೆ ತೂರಿಹೋಗುತ್ತದೆ.
ಒಲೆ ಆರಿತು. ಉಂಡದ್ದಕ್ಕೂ ನಾಳೆಗೆ ತುತ್ತಿಲ್ಲ.

ಇದು ನನಗೆ ಗೊತ್ತು, ತಾರ್ಮೊ.
ನಾನು ಹುಟ್ಟಿದ್ದು ತಾಮ್ರದ ಗಣಿಯೂರಿನಲ್ಲಿ.
ಗುಂಡಿ ಒಂದು ಮೆಟ್ಟಿಲು ಇಳಿದರೆ
ಊರಿಗೆ ಒಂದು ಬೀದಿ ಹೆಚ್ಚು; ಶಾಲೆ, ಸಿನಿಮಾ,
ಅಪ್ಪ ಕಾಸಿಮಿರೊನ ಲಾರಿಗೆ ಹೊಸ ಚಕ್ರ.
ಬೀದಿ ಹೆಚ್ಚಿದರೆ ಇಳಿಯಲು ಇನ್ನಷ್ಟು ಕಾಲು.
ಕೊನೆಗೆ ಗುಂಡಿ ಕಕ್ಕಿದ ಮಣ್ಣೇ
ಆಸ್ಪತ್ರೆಯ ಮೂರನೇ ಮಹಡಿಗೆ ಬಂತು.
ನಾನು ಹುಟ್ಟಿದ ಮಂಚ ಅದರಡಿ ಇದೆ.
ನಮ್ಮನ್ನು ಬಸ್ಸಿನಲ್ಲಿ ತುಂಬಿ ಕಳಿಸಿದರು.

"ಕುಳಿ ಮೊದಲೋ, ಮನೆ ಮೊದಲೋ?" ಕೇಳಿದೆ.
ಬಹು ಹಿಂದಿನ ಕಾಲದ ಕೆಂಪು ಚುಕ್ಕಿಗಳಿವೆಯಂತೆ:
ಮನೆಗೆ ಗೋಡೆಯೇ ಎದ್ದಿಲ್ಲ, ಆಗಲೇ
ಒಳಗೊಂದು ಕೊಬ್ಬಿದ ಕತ್ತಲೆ.
"ಇರಬಹುದು. ಖಾತ್ರಿಯಿಲ್ಲ," ಅಂದ.
ಖಾತ್ರಿಯಿಲ್ಲ ಅನ್ನುವಾಗ ಮಾತ್ರ ಅವನು ಚೆನ್ನಾಗಿ ಉಣ್ಣುತ್ತಾನೆ.

ಹೊರಗೆ ಕರೆದೊಯ್ದೆ.
ನಮ್ಮವರು ನಕ್ಷತ್ರ ಜೋಡಿಸಿ ಚಿತ್ರ ಬರೆದವರಲ್ಲ,
ನಡುವಿನ ಕತ್ತಲನ್ನೇ ನೋಡಿ ಹೆಸರಿಟ್ಟವರು.
ಅಗೋ ಕಪ್ಪು ಲಾಮಾ, ಎರಡು ಕಣ್ಣು, ಉದ್ದ ಕತ್ತು.
ಅದರ ಬಾಲದ ಹಿಂದೆ, ಅಂದ ಅವನು, ನಮ್ಮ ಕುಳಿ;
ನಲವತ್ತು ಲಕ್ಷ ಸೂರ್ಯರ ತೂಕ, ಈಗ ಉಪವಾಸ.
"ಸಾಲಿನ ಲೆಕ್ಕಕ್ಕೆ ತುಸು ಹಗುರ."
ನಮ್ಮ ಸಾರಿಗೆ ಉಪ್ಪು ಕಮ್ಮಿ, ಅನ್ನು.
ಅದಕ್ಕೇ ಇನ್ನೂ ಒಲೆ ಉರಿಯುತ್ತಿದೆಯೋ ಏನೋ.

ಒಳಗೆ ಬಂದು ತಣ್ಣಗಾದ ಸಾರು ಕುಡಿದ.
"ನಿಮ್ಮದು ಯಾವತ್ತೂ ಹದ. ಅಳೆಯುವುದಿಲ್ಲವಲ್ಲ?"

ಈ ಹಂಡೆಗೆ ನನ್ನ ಮುಷ್ಟಿ ಒಗ್ಗಲು
ಹನ್ನೊಂದು ವರ್ಷ ಬೇಕಾಯಿತು, ಮಗೂ.
ಅಷ್ಟರಲ್ಲಿ ಉಜ್ಜಿ ಉಜ್ಜಿ ಹಂಡೆಯೂ ಸವೆದು
ಮುಷ್ಟಿಯ ಕಡೆಗೆ ಒಂದಿಷ್ಟು ಬಂದಿತ್ತು.
ಇಬ್ಬರಲ್ಲಿ ಯಾರು ಹೆಚ್ಚು ನಡೆದೆವೋ
ಬರೆದಿಟ್ಟಿಲ್ಲ.

ತಟ್ಟೆ ಕೊಡು. ಐದಕ್ಕೆ ಬೆಳಗಾಗುತ್ತದೆ.